ಗಾಡಿ ಎಲ್ಲಿ ಬಾಳಿತು, ಮೊದಲು ಅದನ್ನು ಕೇಳಿ

ಹಳೆಯ ಎಸ್‌ಯುವಿ ಕೊಳ್ಳಲು ಹೊರಟವರು ನನ್ನ ಗ್ಯಾರೇಜಿಗೆ ಬಂದಾಗ ಎರಡು ವಿಷಯ ತಿಳಿದುಕೊಂಡೇ ಬಂದಿರುತ್ತಾರೆ: ಗಾಡಿ ಯಾವ ವರ್ಷದ್ದು, ಎಷ್ಟು ಕಿಲೋಮೀಟರ್ ಓಡಿದೆ. ನಾನು ಮೂರನೆಯದನ್ನು ಕೇಳುತ್ತೇನೆ. ಇಷ್ಟು ದಿನ ಈ ಗಾಡಿ ಎಲ್ಲಿ ಬಾಳಿತು? ಸಕಲೇಶಪುರದಲ್ಲಿ ಗ್ಯಾರೇಜ್ ಇಟ್ಟುಕೊಂಡವನಿಗೆ ಈ ಪ್ರಶ್ನೆ ತಾನಾಗಿಯೇ ಬಾಯಿಗೆ ಬರುತ್ತದೆ. ಶಿರಾಡಿ ಘಾಟಿ ಹತ್ತಿ ಬರುವ ಮಂಗಳೂರು, ಉಡುಪಿ ಕಡೆಯ ಗಾಡಿಗಳು ಉಪ್ಪುಗಾಳಿ ತಿಂದಿರುತ್ತವೆ. ಬೆಂಗಳೂರಿನಿಂದ ಬಂದವು ಟ್ರಾಫಿಕ್ಕಿನಲ್ಲಿ ನಿಂತು ನಿಂತು ಸವೆದಿರುತ್ತವೆ. ನಮ್ಮ ಸುತ್ತಲಿನ ಕಾಫಿ ತೋಟದವು ಮಳೆಗಾಲವಿಡೀ ಕೆಸರಿನಲ್ಲಿ ದುಡಿದಿರುತ್ತವೆ. ಮಾಡೆಲ್ ಒಂದೇ, ವರ್ಷ ಒಂದೇ, ಮೀಟರಿನ ಲೆಕ್ಕವೂ ಹೆಚ್ಚುಕಡಿಮೆ ಒಂದೇ ಇರಲಿ, ಅಡಿಗೆ ಮಲಗಿ ನೋಡಿದರೆ ಮೂರೂ ಬೇರೆ ಬೇರೆ ಗಾಡಿಗಳೇ.

ಎಸ್‌ಯುವಿ ಅಂದ ಕೂಡಲೇ ಎಲ್ಲವೂ ಒಂದೇ ಜಾತಿ ಅಂದುಕೊಳ್ಳಬೇಡಿ. ಬೊಲೆರೊ, ಸ್ಕಾರ್ಪಿಯೊ, ಥಾರ್, ಫಾರ್ಚ್ಯೂನರ್, ಎಂಡೆವರ್, 2019ರವರೆಗೆ ಬರುತ್ತಿದ್ದ ಹಳೆಯ ಸಫಾರಿ, ಇವುಗಳಿಗೆ ಲಾರಿಗಿರುವಂತೆ ಕೆಳಗೆ ಬೇರೆಯೇ ಚಾಸಿ ಇರುತ್ತದೆ. ಎರಡು ಉದ್ದನೆಯ ಉಕ್ಕಿನ ಹಳಿ, ನಡುವೆ ಅಡ್ಡಪಟ್ಟಿಗಳು, ಅದರ ಮೇಲೆ ಬಾಡಿಯನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಕ್ರೆಟಾ, ಡಸ್ಟರ್, ಬ್ರೆಜ್ಜಾ, ಎಕ್ಸ್‌ಯುವಿ 500, ಹ್ಯಾರಿಯರ್ ಮುಂತಾದವುಗಳಲ್ಲಿ ಬಾಡಿಯೇ ಚಾಸಿ. ನೋಡಲು ಎರಡೂ ಎತ್ತರ, ಎರಡೂ ದಪ್ಪ. ಆದರೆ ಮೊದಲ ಜಾತಿಯಲ್ಲಿ ತುಕ್ಕು ಹಿಡಿಯುವುದು, ಬಾಗುವುದು ಚಾಸಿ. ಮೇಲಿನ ಬಾಡಿ ಎಷ್ಟು ಚೆಂದವಿದ್ದರೂ ಅದರಿಂದ ಏನೂ ಗೊತ್ತಾಗುವುದಿಲ್ಲ. ಎರಡನೆಯ ಜಾತಿಯಲ್ಲಿ ಆಕ್ಸಿಡೆಂಟ್ ಆಗಿ ಏಪ್ರನ್, ಪಿಲ್ಲರ್ ಬಾಗಿದ್ದರೆ ಗಾಡಿಯ ಬೆನ್ನೆಲುಬೇ ಹೋದಂತೆ. ಯಾವುದನ್ನು ಕೊಳ್ಳುತ್ತಿದ್ದೀರೋ ಅದಕ್ಕೆ ತಕ್ಕಂತೆ ಕಣ್ಣು ಹೋಗುವ ಜಾಗವೂ ಬದಲಾಗಬೇಕು.

ಕರಾವಳಿಯ ಗಾಡಿಯಿಂದಲೇ ಶುರು ಮಾಡುತ್ತೇನೆ. ಹೆಚ್ಚು ಜನ ಸೋಲುವುದು ಅಲ್ಲೇ. ಕಾರವಾರದಿಂದ ಮಂಗಳೂರುವರೆಗಿನ ಸಮುದ್ರದ ಗಾಳಿಯಲ್ಲಿ ಉಪ್ಪಿದೆ, ತೇವವಿದೆ. ಮನೆ ಕಡಲಿಗೆ ಹತ್ತಿರವಿದ್ದರೆ, ಗಾಡಿ ಮೀನಿನ ಬಂದರಿಗೆ ಹೋಗಿ ಬರುತ್ತಿದ್ದರೆ, ತುಕ್ಕು ಒಳಗಿನಿಂದ ಶುರುವಾಗುತ್ತದೆ. ಚಾಸಿಯ ಹಳಿ ಒಳಗೆ ಟೊಳ್ಳಾದ ಪೆಟ್ಟಿಗೆ. ನೀರು ಇಳಿದುಹೋಗಲೆಂದು ಕೆಳಗೆ ತೂತುಗಳನ್ನು ಬಿಟ್ಟಿರುತ್ತಾರೆ. ಆ ತೂತು ಮಣ್ಣಿನಿಂದ ಮುಚ್ಚಿಕೊಂಡರೆ ನೀರು ಒಳಗೇ ನಿಂತು ಕಬ್ಬಿಣವನ್ನು ತಿನ್ನುತ್ತಾ ಹೋಗುತ್ತದೆ. ಹೊರಗೆ ಪೇಂಟ್ ಹೊಳೆಯುತ್ತಲೇ ಇರುತ್ತದೆ.

ಹೀಗೆ ಒಮ್ಮೆ ಒಬ್ಬ ಮೇಷ್ಟ್ರು ದೊಡ್ಡ ಗಾಡಿಯೊಂದನ್ನು ತೋರಿಸಲು ತಂದರು. "ಅಡಿಯಲ್ಲಿ ಕೋಟಿಂಗ್ ಈಗಷ್ಟೇ ಮಾಡಿಸಿದ್ದಾರಂತೆ ಅಣ್ಣಾ, ಹೊಸದರ ಹಾಗಿದೆ ನೋಡಿ" ಎಂದು ಖುಷಿಯಿಂದ ಹೇಳಿದರು. ಮಾರುವ ಮುಂಚೆ ಯಾರಾದರೂ ಅಡಿಗೆ ಕಪ್ಪು ಕೋಟಿಂಗ್ ಹೊಡೆಸಿದ್ದಾರೆಂದರೆ ನನಗೆ ಅಲ್ಲೇ ಅನುಮಾನ. ಜಾಕಿ ಕೊಟ್ಟು, ಸ್ಟ್ಯಾಂಡ್ ಇಟ್ಟು, ಹಿಂದಿನ ಚಕ್ರದ ಮೇಲ್ಗಡೆ ಚಾಸಿ ಬಾಗಿ ಏರುವ ಜಾಗದಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋದೆ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ಒಂದು ಕಡೆ ದಬ್ ಎಂದಿತು. ತುದಿಯಿಂದ ಸ್ವಲ್ಪ ಒತ್ತಿದೆ, ಕೋಟಿಂಗ್ ಸಮೇತ ಪದರ ಪದರವಾಗಿ ಉದುರಿತು. ಮೇಷ್ಟ್ರು ಆ ಗಾಡಿ ಬಿಟ್ಟರು. ಬಾಡಿಯ ತುಕ್ಕಿಗೆ ಟಿಂಕರಿಂಗ್ ಇದೆ, ಪೇಂಟ್ ಇದೆ. ಚಾಸಿ ತೂತಾಗಿದ್ದರೆ ಅದಕ್ಕೆ ಪ್ಯಾಚ್ ಹಾಕಿ ಬೆಸುಗೆ ಮಾಡಿಕೊಡುವವರೂ ಸಿಗುತ್ತಾರೆ. ನಾನು ಮಾತ್ರ ಅಂಥ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯಿರಿ ಎಂದು ಯಾರಿಗೂ ಹೇಳಲಾರೆ.

ತೋಟದ ಗಾಡಿಯ ಕಥೆ ಬೇರೆ. ಅದು ಓಡಿರುವ ಕಿಲೋಮೀಟರ್ ಕಡಿಮೆ. ಮಾರುವವರು ಅದನ್ನೇ ದೊಡ್ಡದಾಗಿ ಹೇಳುತ್ತಾರೆ, ಸುಳ್ಳೂ ಅಲ್ಲ. ಆದರೆ ಆ ಕಡಿಮೆ ಕಿಲೋಮೀಟರ್ ಪೂರ್ತಿ ಫಸ್ಟ್, ಸೆಕೆಂಡ್ ಗೇರಿನಲ್ಲಿ, ಕಲ್ಲು ಗುಂಡಿಯಲ್ಲಿ, ಹಿಂದೆ ಗೊಬ್ಬರದ ಮೂಟೆ, ಕಾಫಿ ಮೂಟೆ ಹೇರಿಕೊಂಡು ಓಡಿದ್ದು. ಇಂಥ ಗಾಡಿಯಲ್ಲಿ ನೋಡಬೇಕಾದ್ದು ಕ್ಲಚ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಹಿಂದಿನ ಹೌಸಿಂಗ್, ಮುಂದಿನ ಲೋಯರ್ ಆರ್ಮ್ ಬುಷ್ ಮತ್ತು ಬಾಲ್ ಜಾಯಿಂಟ್. ಗಾಡಿ ನಿಧಾನವಾಗಿ ಹೋಗುತ್ತಿರುವಾಗ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿ. ಅಡಿಯಿಂದ ಟಕ್ ಎಂದು ಹೊಡೆದಂತಾದರೆ ಕ್ರಾಸ್ ಸವೆದಿರಬಹುದು, ಇಲ್ಲವೇ ಕ್ರೌನ್ ಪಿನಿಯನ್ನಿನಲ್ಲಿ ಆಟ ಬಂದಿರಬಹುದು. ಕ್ರಾಸ್ ಆದರೆ ಸಣ್ಣ ಖರ್ಚು, ಕ್ರೌನ್ ಪಿನಿಯನ್ ಆದರೆ ದೊಡ್ಡದು. ಇವೆರಡನ್ನು ಬೇರೆ ಮಾಡಿ ಹೇಳಲು ಮೆಕ್ಯಾನಿಕ್ ಅಡಿಗೆ ಹೋಗಿ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಲೇಬೇಕು.

ಕ್ಲಚ್ ನೋಡಲು ಹಳೆಯ ವಿಧಾನವೇ ಸಾಕು. ಸಮತಟ್ಟಾದ ಜಾಗದಲ್ಲಿ, ಎದುರಿಗೆ ಯಾರೂ ಇಲ್ಲದಂತೆ ನೋಡಿಕೊಂಡು, ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು, ಥರ್ಡ್ ಗೇರ್ ಹಾಕಿ ಕ್ಲಚ್ ನಿಧಾನ ಬಿಡಿ. ಇಂಜಿನ್ ಆಫ್ ಆಗಬೇಕು. ಆಫ್ ಆಗದೆ ಓಡುತ್ತಲೇ ಇದ್ದರೆ ಪ್ಲೇಟ್ ಮುಗಿದಿದೆ. ಇದನ್ನು ಒಂದೇ ಸಲ ಮಾಡಿ. ಪದೇ ಪದೇ ಮಾಡಿದರೆ ಚೆನ್ನಾಗಿರುವ ಕ್ಲಚ್ಚೂ ಸುಡುತ್ತದೆ, ಇನ್ನೂ ಆ ಗಾಡಿ ನಿಮ್ಮದಲ್ಲ.

ಫೋರ್ ವೀಲ್ ಡ್ರೈವ್ ಇರುವ ಗಾಡಿಯಾದರೆ ಅದನ್ನು ಹಾಕಿ ಓಡಿಸಿ ನೋಡದೆ ಹಣ ಕೊಡಬೇಡಿ. ಎಷ್ಟೋ ಮಂದಿ ವರ್ಷಗಟ್ಟಲೆ ಅದನ್ನು ಹಾಕಿಯೇ ಇರುವುದಿಲ್ಲ. ಬಳಸದೆ ಬಿಟ್ಟ ಟ್ರಾನ್ಸ್‌ಫರ್ ಕೇಸಿನ ಶಿಫ್ಟ್ ಮೋಟಾರ್ ಬಿಗಿದು ಕೂತಿರುತ್ತದೆ. ಹುಲ್ಲು ಅಥವಾ ಮಣ್ಣಿನ ಮೇಲೆ ನಿಲ್ಲಿಸಿ ಮೊದಲು ಹೈ ಹಾಕಿ, ದೀಪ ಮಿನುಗದೆ ಸ್ಥಿರವಾಗಿ ಹೊತ್ತಿಕೊಳ್ಳಬೇಕು. ಆಮೇಲೆ ಗಾಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ ಲೋ ಹಾಕಿ. ಮಣ್ಣಿನ ಏರು ಸಿಕ್ಕಿದರೆ ಫಸ್ಟ್ ಗೇರಿನಲ್ಲಿ ಏರಿಸಿ ನೋಡಿ. ಡಾಂಬರು ರಸ್ತೆಯಲ್ಲಿ ಇದನ್ನು ಹಾಕಿ ಸ್ಟೇರಿಂಗ್ ತಿರುಗಿಸಿದರೆ ಗಾಡಿ ಹಿಡಿದಂತಾಗುತ್ತದೆ. ಥಾರ್, ಸ್ಕಾರ್ಪಿಯೊ ಥರದ ಗಾಡಿಗಳಲ್ಲಿ ಅದು ಸಹಜ, ಕಂಪ್ಲೇಂಟ್ ಅಲ್ಲ. ನಾಲ್ಕೂ ಟೈರ್ ಒಂದೇ ಸೈಜು, ಸವೆತವೂ ಹತ್ತಿರ ಹತ್ತಿರ ಇರಬೇಕು. ಎರಡು ಹೊಸದು, ಎರಡು ಬೋಳು ಹಾಕಿಕೊಂಡು ಫೋರ್ ವೀಲಿನಲ್ಲಿ ಓಡಿಸಿದ್ದರೆ ಒಳಗಿನ ಗೇರುಗಳಿಗೆ ಪೆಟ್ಟು.

ಬೆಂಗಳೂರಿನ ಗಾಡಿಯಲ್ಲಿ ಚಾಸಿ ಸಾಮಾನ್ಯವಾಗಿ ಸ್ವಚ್ಛ. ಅಲ್ಲಿ ಎರಡು ಅಪಾಯಗಳಿವೆ. ಮೊದಲನೆಯದು ಡೀಸೆಲ್ ಗಾಡಿಗೆ ಸಂಬಂಧಿಸಿದ್ದು. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಸೋಸುಗ ಕೂತಿದೆ. ಹೊಗೆಯ ಮಸಿಯನ್ನು ಅದು ಹಿಡಿದಿಟ್ಟುಕೊಂಡು, ಗಾಡಿ ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿದಾಗ ಸುಟ್ಟು ಖಾಲಿ ಮಾಡಿಕೊಳ್ಳುತ್ತದೆ. ದಿನಾ ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ ಇಂಚಿಂಚು ತೆವಳಿದ ಗಾಡಿಗೆ ಆ ಅವಕಾಶವೇ ಸಿಗುವುದಿಲ್ಲ. ಮಸಿ ಕಟ್ಟುತ್ತದೆ, ದೀಪ ಹೊತ್ತಿಕೊಳ್ಳುತ್ತದೆ, ಪಿಕಪ್ ಹೋಗುತ್ತದೆ. ಕೆಲವರು ಅದನ್ನು ಕಿತ್ತೇ ಹಾಕಿಸಿರುತ್ತಾರೆ. ಅದು ಕಾನೂನಿಗೂ ವಿರುದ್ಧ, ಊರಿನ ಗಾಳಿಗೂ ವಿಷ. ಬಿಎಸ್ 6 ಡೀಸೆಲ್ ಗಾಡಿಯ ಸೈಲೆನ್ಸರ್ ತುದಿಗೆ ಬೆರಳು ಹಾಕಿ ಒರೆಸಿ ನೋಡಿ. ದಟ್ಟ ಕಪ್ಪು ಮಸಿ ಅಂಟಿದರೆ ಆ ಸೋಸುಗ ಕೆಲಸ ಮಾಡುತ್ತಿಲ್ಲ, ಇಲ್ಲವೇ ಅಲ್ಲಿ ಇಲ್ಲವೇ ಇಲ್ಲ.

ಎರಡನೆಯದು ನೆರೆ ನೀರು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ದುಬಾರಿ ಗಾಡಿಗಳು ಮುಳುಗಿ ನಿಂತದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. 2018ರಲ್ಲಿ ಕೊಡಗು, ಕೇರಳ, 2019ರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ, 2015 ಮತ್ತು 2023ರಲ್ಲಿ ಚೆನ್ನೈ ಕೂಡ ಮುಳುಗಿದ್ದವು. ಹಾಗೆ ಮುಳುಗಿದ ಗಾಡಿ ಎಲ್ಲಾ ಗುಜರಿಗೆ ಹೋಗುವುದಿಲ್ಲ. ವಿಮಾ ಕಂಪನಿ ಪೂರ್ತಿ ನಷ್ಟ ಎಂದು ಲೆಕ್ಕ ಮುಗಿಸಿ ಹರಾಜಿಗೆ ಇಟ್ಟದ್ದನ್ನು ಕೊಂಡು, ಒಣಗಿಸಿ, ಸೀಟು ತೊಳೆದು, ದೂರದ ಊರಿನಲ್ಲಿ ಮಾರುವವರು ಇದ್ದಾರೆ. ಆರು ತಿಂಗಳು ಚೆನ್ನಾಗಿಯೇ ಓಡುತ್ತದೆ. ಆಮೇಲೆ ಒಂದು ದಿನ ಪವರ್ ವಿಂಡೋ, ಇನ್ನೊಂದು ದಿನ ಎಬಿಎಸ್, ಮತ್ತೊಂದು ದಿನ ನಡುರಸ್ತೆಯಲ್ಲಿ ಇಂಜಿನ್ನೇ ನಿಲ್ಲುತ್ತದೆ. ವೈರಿಂಗ್ ಕನೆಕ್ಟರ್ ಒಳಗೆ ಹಸಿರು ಕಿಲುಬು ಕಟ್ಟಿದ ಗಾಡಿಯನ್ನು ಸರಿ ಮಾಡಿ ಮುಗಿಸಿದೆ ಎಂದು ಯಾವ ಎಲೆಕ್ಟ್ರಿಷಿಯನ್ನೂ ಎದೆ ತಟ್ಟಿ ಹೇಳಲಾರ.

ನೀರು ಹೊಕ್ಕ ಗುರುತನ್ನು ಪೂರ್ತಿ ಅಳಿಸುವುದು ಕಷ್ಟ. ನಾಲ್ಕೂ ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಯಾವಾಗಲೂ ಸುರುಳಿಯೊಳಗೇ ಉಳಿಯುವ ಆ ತುದಿಯಲ್ಲಿ ಕೆಸರಿನ ಗೆರೆ, ಕಲೆ ಇದ್ದರೆ ಅದನ್ನು ಯಾರೂ ತೊಳೆದಿರುವುದಿಲ್ಲ. ಮುಂದಿನ ಸೀಟಿನ ಅಡಿಯ ಹಳಿ, ಬೋಲ್ಟ್ ತುಕ್ಕು ಹಿಡಿದಿದೆಯೇ ಟಾರ್ಚ್ ಬಿಟ್ಟು ನೋಡಿ. ಡ್ರೈವರ್ ಕಾಲಿನ ಹತ್ತಿರ ಕಾರ್ಪೆಟ್ ಎತ್ತಿ ಕೆಳಗಿನ ಸ್ಪಂಜನ್ನು ಮೂಸಿ. ಎಸಿ ಹಾಕಿದ ಮೊದಲ ನಿಮಿಷದ ವಾಸನೆ ಗಮನಿಸಿ. ಗಾಡಿಯೊಳಗೆ ತೀರಾ ಘಮಘಮ ಸೆಂಟ್ ಹೊಡೆದಿದ್ದರೆ ಗಾಜು ಇಳಿಸಿ ಅರ್ಧ ಗಂಟೆ ಬಿಟ್ಟು ಮತ್ತೆ ಮೂಸಿ. ಮಳೆಗಾಲದಲ್ಲಿ ಮುಗ್ಗಲು ವಾಸನೆ ನಮ್ಮ ಕಡೆ ಎಲ್ಲ ಗಾಡಿಯಲ್ಲೂ ಇರುತ್ತದೆ. ಹಾಗಾಗಿ ವಾಸನೆಯೊಂದನ್ನೇ ನಂಬಬೇಡಿ, ಬೆಲ್ಟು ಮತ್ತು ಸೀಟಿನ ಹಳಿ ಏನು ಹೇಳುತ್ತವೆ ಎಂದು ಜೊತೆಗಿಟ್ಟು ನೋಡಿ.

ಬಳ್ಳಾರಿ, ಸಂಡೂರು ಗಣಿ ಪ್ರದೇಶದ ಗಾಡಿಯಾದರೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ. ಫಿಲ್ಟರ್ ಹೊಸದಿರಬಹುದು, ಅದರಾಚೆ, ಟರ್ಬೊ ಕಡೆಗೆ ಹೋಗುವ ಪೈಪಿನ ಒಳಗೆ ಕೆಂಪು ಧೂಳು ಇದ್ದರೆ ಆ ಧೂಳು ಇಂಜಿನ್ ಒಳಗೂ ಹೋಗಿದೆ. ಇನ್ನು ದೆಹಲಿ ಗಾಡಿ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿ ಸುತ್ತಮುತ್ತ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅಲ್ಲಿಂದಾಚೆಗೆ ಆ ಕಡೆಯ ದೊಡ್ಡ ಗಾಡಿಗಳು ಅಗ್ಗದ ಬೆಲೆಗೆ ದಕ್ಷಿಣಕ್ಕೆ ಬರುತ್ತಲೇ ಇವೆ. ಒಳ್ಳೆಯವೂ ಇವೆ. ಆದರೆ ಹೊರ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕು, ಅದಕ್ಕೆ ಅಲ್ಲಿನ ಆರ್‌ಟಿಒ ಎನ್‌ಒಸಿ ಬೇಕು, ಗಾಡಿಯ ವಯಸ್ಸು ಮತ್ತು ಬೆಲೆ ನೋಡಿ ಇಲ್ಲಿನ ಲೈಫ್ ಟ್ಯಾಕ್ಸ್ ಕಟ್ಟಬೇಕು. ಆ ತೆರಿಗೆ ಎಷ್ಟಾಗುತ್ತದೆಂದು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಮೊದಲು ಕೇಳಿ, ಗಾಡಿಯ ಬೆಲೆಗೆ ಸೇರಿಸಿ. ಆಗ ಅಗ್ಗ ಅನ್ನಿಸಿದ್ದು ಎಷ್ಟೋ ಸಲ ಅಗ್ಗವಾಗಿ ಉಳಿಯುವುದಿಲ್ಲ.

ಗಾಡಿ ಎಲ್ಲಿ ಬಾಳಿತು ಎಂದು ಮಾರುವವರು ಹೇಳಿದ್ದನ್ನೇ ನಂಬಬೇಕಾಗಿಲ್ಲ. ಆರ್‌ಸಿ ನಂಬರಿನ ಆರಂಭದ ಅಕ್ಷರ ಮೊದಲ ಸುಳಿವು: ಕೆಎ 19 ಮಂಗಳೂರು, ಕೆಎ 20 ಉಡುಪಿ, ಕೆಎ 30 ಕಾರವಾರ, ಕೆಎ 46 ನಮ್ಮ ಸಕಲೇಶಪುರ. ಆದರೆ ಅಲ್ಲಿ ನೋಂದಣಿಯಾಗಿ ಬೇರೆಡೆ ಬಾಳಿರಬಹುದು. ಮಾಲೀಕರ ಮೊಬೈಲಿನಲ್ಲಿ ಫಾಸ್ಟ್ಯಾಗ್ ಲೆಕ್ಕ ತೋರಿಸಲು ಕೇಳಿ. ಯಾವ ಟೋಲ್, ತಿಂಗಳಿಗೆ ಎಷ್ಟು ಸಲ ಎಂದು ಅದರಲ್ಲಿ ಇರುತ್ತದೆ. ಎಮಿಷನ್ ಸರ್ಟಿಫಿಕೇಟ್ ಎಲ್ಲಿ ಮಾಡಿಸಿದ್ದು ನೋಡಿ. ಕಂಪನಿ ಸರ್ವಿಸ್ ಆಗಿದ್ದರೆ ಮಾಲೀಕರನ್ನು ಜೊತೆಗೆ ಕರೆದುಕೊಂಡು ಸರ್ವಿಸ್ ಸೆಂಟರಿಗೆ ಹೋಗಿ ಪೂರ್ತಿ ಹಿಸ್ಟರಿ ತೆಗೆಸಿ. ಪ್ರತಿ ಸರ್ವಿಸಿಗೂ ಬರೆದ ಕಿಲೋಮೀಟರ್ ಏರುತ್ತಾ ಹೋಗಿ ಒಂದು ಕಡೆ ಇಳಿದಿದ್ದರೆ ಮೀಟರ್ ತಿರುಗಿಸಿದ್ದಾರೆಂದು ಅಲ್ಲೇ ಗೊತ್ತಾಗುತ್ತದೆ. ಹಿಸ್ಟರಿ ಇಲ್ಲದಿದ್ದರೆ ಬ್ರೇಕ್ ಪೆಡಲಿನ ರಬ್ಬರ್, ಸ್ಟೇರಿಂಗ್ ಚರ್ಮದ ನುಣುಪು, ಡ್ರೈವರ್ ಸೀಟಿನ ಹೊರ ಅಂಚು ನೋಡಿ. ಐವತ್ತು ಸಾವಿರ ಓಡಿದೆ ಎನ್ನುವ ಗಾಡಿಯ ಪೆಡಲ್ ರಬ್ಬರ್ ಕಬ್ಬಿಣ ಕಾಣುವಷ್ಟು ಸವೆದಿರುವುದಿಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಸ್ಟೆಪ್ನಿಯದ್ದನ್ನೂ ನೋಡಿ. ಟೈರ್ ಒಳಅಂಚು ಮಾತ್ರ ತಿಂದಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ, ಅಥವಾ ಬಾಲ್ ಜಾಯಿಂಟ್ ಹೋಗಿದೆ, ಅದೂ ಅಲ್ಲದಿದ್ದರೆ ಚಾಸಿಯೇ ಬಾಗಿದೆ. ಆಕ್ಸಿಡೆಂಟ್ ಗುರುತು ಹುಡುಕಲು ಬಾಗಿಲಿನ ಚೌಕಟ್ಟಿನ ರಬ್ಬರ್ ಬೀಡಿಂಗ್ ಎಳೆದು ಒಳಗೆ ನೋಡಿ, ಕಾರ್ಖಾನೆಯ ಬೆಸುಗೆ ಒಂದೇ ಅಂತರದ ದುಂಡು ಚುಕ್ಕೆಗಳಾಗಿರುತ್ತದೆ. ಬಾನೆಟ್, ಫೆಂಡರ್ ಬೋಲ್ಟಿನ ತಲೆಯ ಪೇಂಟ್ ಕಿತ್ತಿದ್ದರೆ ಸ್ಪ್ಯಾನರ್ ಬಿದ್ದಿದೆ ಎಂದರ್ಥ. ಎಲ್ಲಾ ಕಿಟಕಿ ಗಾಜಿನ ಮೂಲೆಯ ಗುರುತು ಹೋಲಿಸಿ. ಬಂಪರ್ ತಾಗಿದ್ದು, ಬಾಗಿಲು ಗೀರಿದ್ದು ದೊಡ್ಡ ವಿಷಯವಲ್ಲ. ನಮ್ಮ ರಸ್ತೆಗಳಲ್ಲಿ ಗೀರಿಲ್ಲದ ಗಾಡಿ ಎಲ್ಲಿದೆ? ಏರ್‌ಬ್ಯಾಗ್ ದೀಪದ ಮೇಲೆ ಮಾತ್ರ ಕಣ್ಣಿಡಿ. ಕೀ ತಿರುಗಿಸಿದ ತಕ್ಷಣ ಅದು ಹೊತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ತೊಂದರೆ ಇದೆ. ಹೊತ್ತದೇ ಇದ್ದರೆ ಯಾರೋ ಅದನ್ನು ಬೇಕೆಂದೇ ಕೊಂದಿದ್ದಾರೆ. ಒಳಗೆ ಏರ್‌ಬ್ಯಾಗೇ ಇಲ್ಲದಿರಬಹುದು. ಇಂಜಿನ್ ಚೆಕ್ ದೀಪಕ್ಕೂ ಇದೇ ಮಾತು: ಕೀ ಹಾಕಿದಾಗ ಹೊತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು.

ಇಂಜಿನ್ ನೋಡಲು ಬೆಳಿಗ್ಗೆ ಹೋಗಿ. ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ, ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬಿಸಿ ಇದ್ದರೆ ಇನ್ನೊಂದು ದಿನ ಬನ್ನಿ. ತಣ್ಣಗಿರುವ ಇಂಜಿನ್ ಒಂದೇ ಸೆಲ್ಫಿಗೆ ಹಿಡಿಯಬೇಕು. ಚಳಿಯಲ್ಲಿ ಮೊದಲ ಒಂದೆರಡು ನಿಮಿಷ ತೆಳು ಬಿಳಿ ಹಬೆ ಬಂದರೆ ಹೆದರಬೇಡಿ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಇಂಜೆಕ್ಟರ್ ಅಥವಾ ಹೆಡ್ ಗ್ಯಾಸ್ಕೆಟ್. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಇಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ಸಡಿಲಿಸಿ ಸುಮ್ಮನೆ ಮೇಲಿಡಿ. ಅದು ಸ್ವಲ್ಪ ಅಲುಗಾಡುವುದು ಬೇರೆ. ಹೊಗೆ ಬುಸುಬುಸು ಎಂದು ಚಿಮ್ಮಿ ಮುಚ್ಚಳವನ್ನು ಎತ್ತೆತ್ತಿ ಹಾಕಿದರೆ ಇಂಜಿನ್ ಬೋರಿಗೆ ಬಂದಿದೆ. ಆ ಮುಚ್ಚಳದ ಒಳಮೈಯಲ್ಲಿ ಹಾಲು ಬೆರೆಸಿದಂಥ ಅಂಟು ಕಂಡರೆ ಆಯಿಲಿಗೆ ನೀರು ಸೇರಿದೆ. ಡಸ್ಟರ್ ಡೀಸೆಲ್‌ನಂತೆ ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆದರೆ ಬೆಲ್ಟ್ ಯಾವಾಗ ಬದಲಿಸಿದ್ದಾರೆ, ಅದರ ಬಿಲ್ ಎಲ್ಲಿದೆ ಎಂದು ಕೇಳಿ. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿದು ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಟೆಸ್ಟ್ ಡ್ರೈವ್ ಎಂದು ಬೀದಿ ಕೊನೆಯವರೆಗೆ ಹೋಗಿ ಬಂದರೆ ಏನೂ ತಿಳಿಯದು. ಗಾಡಿಗೆ ಏರು ಬೇಕು. ನಾನು ಗುಂಡ್ಯದವರೆಗೆ ಇಳಿದು, ನಾಲ್ಕು ಜನರನ್ನು ಕೂರಿಸಿಕೊಂಡು, ಎಸಿ ಹಾಕಿ, ದೋಣಿಗಲ್‌ವರೆಗೆ ಏರಿಸುತ್ತೇನೆ. ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತದೆಯೇ, ಏರುವಾಗ ಟೆಂಪರೇಚರ್ ಮುಳ್ಳು ಮೇಲೇಳುತ್ತದೆಯೇ, ಟರ್ಬೊ ಶಿಳ್ಳೆ ಹಾಕುತ್ತದೆಯೇ, ಗೇರ್ ತಾನಾಗಿ ಜಾರುತ್ತದೆಯೇ ಎಲ್ಲವೂ ಆ ಏರಿನಲ್ಲಿ ಬಯಲಾಗುತ್ತದೆ. ನಿಮ್ಮ ಊರಿನ ಹತ್ತಿರ ಘಾಟಿ ಇಲ್ಲದಿದ್ದರೆ ಒಂದು ದೊಡ್ಡ ಫ್ಲೈಓವರ್, ಒಂದು ಹದಗೆಟ್ಟ ರಸ್ತೆ, ಹೆದ್ದಾರಿಯ ಒಂದಷ್ಟು ದೂರ ಇರಲೇಬೇಕು. ಹಿಂತಿರುಗಿದ ಮೇಲೆ ಗಾಡಿ ನಿಲ್ಲಿಸಿ, ಐದು ನಿಮಿಷ ಬಿಟ್ಟು, ಅಡಿಯಲ್ಲಿ ಏನಾದರೂ ತೊಟ್ಟಿಕ್ಕಿದೆಯೇ ನೋಡಿ. ಎಸಿ ನೀರು ಸಹಜ. ಬೇರೆ ಯಾವುದೂ ಸಹಜವಲ್ಲ.

ಕಾಗದಪತ್ರ ನೋಡದೆ ಟೋಕನ್ ಅಡ್ವಾನ್ಸ್ ಕೊಡಬೇಡಿ. ಚಾಸಿ ನಂಬರನ್ನು ಗಾಡಿಯ ಮೇಲೇ ಓದಿ ಆರ್‌ಸಿಗೆ ಹೋಲಿಸಿ, ಫೋಟೋದಲ್ಲಿ ಅಲ್ಲ. ಫೈನಾನ್ಸ್ ಇದೆಯೇ, ಎಷ್ಟನೇ ಮಾಲೀಕರು, ನೋಂದಣಿ ಎಲ್ಲಿಯವರೆಗೆ, ಹಿಂದೆ ಯೆಲ್ಲೋ ಬೋರ್ಡ್ ಆಗಿತ್ತೇ ಎಂಬುದನ್ನು ಪರಿವಾಹನ್ ತಾಣದಲ್ಲಿ ನೋಡಿ. ಬಾಕಿ ಟ್ರಾಫಿಕ್ ದಂಡವನ್ನೂ ನೋಡಿ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35, ಮಾಲೀಕತ್ವ ವರ್ಗಾವಣೆಗೆ ಫಾರಂ 29 ಮತ್ತು 30. ಇನ್ಶೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆ ಓದಿ. ಅದು ಮೊದಲ ವರ್ಷಕ್ಕೆ ಶೇ. 20ರಿಂದ ಶುರುವಾಗಿ ಶೇ. 50ರವರೆಗೆ ಏರುತ್ತದೆ. ಒಬ್ಬರೇ ಮಾಲೀಕರ ಐದಾರು ವರ್ಷದ ಗಾಡಿಗೆ ಅದು ಸೊನ್ನೆ ಇದ್ದರೆ ಇತ್ತೀಚೆಗೆ ಕ್ಲೇಮ್ ಆಗಿರಬೇಕು ಅಥವಾ ಪಾಲಿಸಿ ನಡುವೆ ನಿಂತುಹೋಗಿರಬೇಕು. ಯಾವುದು ಎಂದು ಕೇಳಿ. ಸಹಿ ಹಾಕಿದ ಖಾಲಿ ಫಾರಂ ಕೈಯಿಂದ ಕೈಗೆ ದಾಟಿ ಬಂದಿರುವ ಗಾಡಿ ಬೇಡವೇ ಬೇಡ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕೊಂಡ ಮೇಲೆ ಹದಿನಾಲ್ಕು ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ.

ಎಲ್ಲ ಸರಿ ಇದ್ದರೂ ಗಾಡಿಯ ಬೆಲೆಯ ಹತ್ತರಲ್ಲಿ ಒಂದು ಪಾಲನ್ನು ರಿಪೇರಿಗೆಂದು ಪಕ್ಕಕ್ಕೆ ಇಟ್ಟುಕೊಳ್ಳಿ. ಎಸ್‌ಯುವಿ ಹಳತಾದಾಗ ಅದರ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ.

ಕೊನೆಗೆ ಒಂದು ಮಾತು, ನನ್ನ ಕಸುಬಿನವರ ಪರವಾಗಿ. ಗಾಡಿ ಮಾರುವ ಬ್ರೋಕರ್ ಕರೆತಂದ ಮೆಕ್ಯಾನಿಕ್ ಹೇಳಿದ್ದನ್ನು ನಂಬಿ ಹಣ ಕೊಡಬೇಡಿ. ನಿಮ್ಮ ಕಡೆಯವನನ್ನು ನೀವೇ ಕರೆದುಕೊಂಡು ಹೋಗಿ, ಆ ಜಾತಿಯ ಗಾಡಿ ಬಿಚ್ಚಿ ಜೋಡಿಸಿದ ಅನುಭವ ಇರುವವನನ್ನು. ಜಾಕಿ ಕೊಟ್ಟು ಅಡಿ ನೋಡಲು ಮಾರುವವರು ಒಪ್ಪದಿದ್ದರೆ ಅಲ್ಲಿಂದಲೇ ಹಿಂತಿರುಗಿ. ಮತ್ತು ನೋಡಿಕೊಟ್ಟವನಿಗೆ ಅವನ ಕೂಲಿ ಕೊಡಿ. ಅವನು ಬೇಡ ಎಂದು ಹೇಳಿ ನೀವು ಗಾಡಿ ಬಿಟ್ಟುಬಂದ ದಿನವೂ ಕೊಡಿ.